ಗ್ಯಾಸ್ ಗೀಸರ್ ಹತ್ತಿಕೊಳ್ಳದಿದ್ದರೆ ಮೊದಲು ಏನು ನೋಡಬೇಕು?



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲ ಹಂಡೆಯ ಜಾಗಕ್ಕೆ ಗ್ಯಾಸ್ ಗೀಸರ್ ಬಂದಿದೆ. ಸೌದೆ ಒಟ್ಟುವ, ಹೊಗೆ ಕುಡಿಯುವ ಕಷ್ಟ ತಪ್ಪಿತು. ಆದರೆ ಚಳಿಗಾಲದ ಬೆಳಿಗ್ಗೆ, ಮಕ್ಕಳನ್ನು ಶಾಲೆಗೆ ಹೊರಡಿಸೋ ಹೊತ್ತಿಗೇ ಅದು ಹತ್ತಿಕೊಳ್ಳೋದಿಲ್ಲ! ಮೆಕ್ಯಾನಿಕ್ ಬಂದು ಎರಡು ಸೆಲ್ ಬದಲಾಯಿಸಿ ಕೂಲಿ ತಗೊಂಡು ಹೋದರೆ ಹೊಟ್ಟೆ ಉರಿಯುತ್ತೆ. ಆದ್ದರಿಂದ ಅದರ ಕೆಲಸ ತಿಳಿದುಕೊಳ್ಳೋಣ.

ನಲ್ಲಿ ತಿರುಗಿಸಿದಾಗ ಹರಿಯುವ ನೀರು ಒಳಗಿನ ರಬ್ಬರ್ ಬಿಲ್ಲೆಯನ್ನು ಒತ್ತುತ್ತದೆ, ಅದು ಒಂದು ಚಿಕ್ಕ ಸ್ವಿಚ್ಚನ್ನು ಒತ್ತುತ್ತದೆ. ಆಗ ಸೆಲ್ಲಿನ ಕರೆಂಟಿನಿಂದ ಟಕ್ ಟಕ್ ಎಂದು ಕಿಡಿ ಹಾರಿ, ಗ್ಯಾಸಿನ ವಾಲ್ವ್ ತೆರೆಯುತ್ತದೆ. ಉರಿ ಬಂದಿದೆ ಎಂದು ಇನ್ನೊಂದು ಕಡ್ಡಿ ಗುರುತಿಸಿದರೆ ಮಾತ್ರ ಗ್ಯಾಸು ಮುಂದುವರಿಯುತ್ತದೆ. ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ತಾನಾಗಿ ನಿಲ್ಲುತ್ತದೆ.

ಈಗ ಕಿವಿಗೊಟ್ಟು ಕೇಳಿ. ಟಕ್ ಟಕ್ ಸದ್ದೇ ಇಲ್ಲವೇ? ಸೆಲ್ ನೋಡಿ. ಸಾಮಾನ್ಯವಾಗಿ 1.5 ವೋಲ್ಟಿನ 2 ದೊಡ್ಡ ಸೆಲ್ ಇರುತ್ತವೆ. ಬಚ್ಚಲ ಪಸೆಗೆ ತುದಿಯಲ್ಲಿ ಕಿಲುಬು ಹಿಡಿದಿದ್ದರೆ ಒರೆಸಿ. ಹೊಸದು ಹಾಕುವಾಗ ಎರಡನ್ನೂ ಒಟ್ಟಿಗೆ ಬದಲಾಯಿಸಿ. ಟಾರ್ಚಿನಲ್ಲಿ ಮಂಕಾಗಿ ಉರಿಯೋ ಸೆಲ್ ಗೀಸರ್‌ಗೆ ಸಾಲದು. ಸೆಲ್ ಸರಿಯಿದ್ದರೆ ನೀರಿನ ಒತ್ತಡ ಕಮ್ಮಿ. ಟ್ಯಾಂಕು ಗೀಸರ್‌ಗಿಂತ 1 ಮೀಟರ್ ಮೇಲಿದ್ದರೆ ಸಿಗೋದು ಸುಮಾರು 0.1 ಬಾರ್ ಒತ್ತಡ ಮಾತ್ರ. ನೀರು ಒಳಹೋಗುವ ಕಡೆ ಸಣ್ಣ ಜಾಲರಿ ಇರುತ್ತೆ, ಬೋರ್‌ವೆಲ್ ನೀರಿನ ಉಪ್ಪು, ಮರಳು ಅಲ್ಲೇ ಕಟ್ಟಿಕೊಳ್ಳೋದು. ನೀರು, ಗ್ಯಾಸು ಎರಡನ್ನೂ ನಿಲ್ಲಿಸಿ, ಜಾಲರಿ ಬಿಚ್ಚಿ ತೊಳೆಯಿರಿ.

ಸದ್ದು ಬರುತ್ತೆ, ಉರಿ ಬರೋದಿಲ್ಲ ಅಂದರೆ ರೆಗ್ಯುಲೇಟರ್ ತೆರೆದಿದೆಯೇ, ಸಿಲಿಂಡರ್ ಖಾಲಿಯೇ ನೋಡಿ. ಹೊಸ ಸಿಲಿಂಡರ್ ಹಾಕಿದ ಮೇಲೆ ಪೈಪಿನಲ್ಲಿ ಗಾಳಿ ಇರೋದರಿಂದ ಒಂದೆರಡು ಸಲ ಹತ್ತದೇ ಇರಬಹುದು. ಹಾಗಂತ ಹತ್ತು ಸಲ ನಲ್ಲಿ ತಿರುಗಿಸಬೇಡಿ. ಉರಿಯದ ಗ್ಯಾಸು ಒಳಗೆ ತುಂಬಿ, ಕೊನೆಗೆ ಢಬ್ ಎಂದು ಹತ್ತಿ ಮುಖ ಸುಟ್ಟೀತು. ಗ್ಯಾಸು ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು, ಸ್ವಲ್ಪ ಹೊತ್ತು ಬಿಡಿ. ಆಮೇಲೂ ಹತ್ತದಿದ್ದರೆ ಮೆಕ್ಯಾನಿಕ್ಕನ್ನೇ ಕರೆಯಿರಿ.

ಹತ್ತಿ ಆರಿ ಹೋಗುತ್ತಿದ್ದರೆ ಸೆಲ್ ಸೊರಗಿರಬಹುದು, ಉರಿ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಹಲವು ಗೀಸರ್‌ಗಳು 20 ನಿಮಿಷಕ್ಕೆ ತಾವೇ ನಿಲ್ಲುತ್ತವೆ, ಅದು ಕೆಟ್ಟದ್ದಲ್ಲ. ಆದರೆ ಬಾಗಿಲು ಹಾಕಿದಾಗ ಮಾತ್ರ ಆರುತ್ತಿದ್ದರೆ, ಅಥವಾ ನೀಲಿ ಉರಿ ಹಳದಿಯಾಗಿದ್ದರೆ, ಬಳಸೋದನ್ನು ಅಂದೇ ನಿಲ್ಲಿಸಿ. ಉರಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಆಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದು, ಕೂಗಿ ಕರೆಯುವಷ್ಟೂ ಶಕ್ತಿಯಿಲ್ಲದೆ ಕುಸಿಯುತ್ತಾರೆ. ಬಚ್ಚಲಲ್ಲಿ ಜೀವ ಹೋಗೋದು ಹೀಗೇ. ಗೀಸರನ್ನು ಬಚ್ಚಲ ಹೊರಗೋಡೆಗೆ ಹಾಕಿಸಿ, ಬಿಸಿನೀರು ಮಾತ್ರ ಒಳಗೆ ಬರಲಿ. ಚಳಿ ಅಂತ ಕಿಂಡಿಗೆ ಬಟ್ಟೆ ತುರುಕಬೇಡಿ. ಸ್ನಾನಕ್ಕೆ ಹೋದವರು ಕರೆದರೆ ಉತ್ತರ ಕೊಡದಿದ್ದರೆ ಬಾಗಿಲು ಒಡೆದಾದರೂ ಬಯಲಿಗೆ ತನ್ನಿ, 108ಕ್ಕೆ ಫೋನ್ ಮಾಡಿ.

ಗ್ಯಾಸಿನ ವಾಸನೆ ಬಂದರೆ ಬೇರೆಯೇ ವಿಷಯ. ಅಡುಗೆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೇ ಹರಡುತ್ತದೆ. ಲೈಟಿನ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬಂದು, 1906ಕ್ಕೆ ಕರೆ ಮಾಡಿ.