ಸದ್ದು ಮಾಡುವ ಫ್ಯಾನ್: ದುರಸ್ತಿಯೋ, ಬದಲಾವಣೆಯೋ?

ಲೆಕ್ಕಪರಿಶೋಧಕರಿಗೆ ಯಂತ್ರಗಳ ಪರಿಚಯವಾಗುವುದು ಬಹುಮಟ್ಟಿಗೆ ವೋಚರುಗಳ ಮೂಲಕ. ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ‘ದುರಸ್ತಿ ಮತ್ತು ನಿರ್ವಹಣೆ’ ಖಾತೆಯನ್ನು ಪರಿಶೀಲಿಸುತ್ತಿದ್ದಾಗ, ಒಂದೇ ವರ್ಷದಲ್ಲಿ ಮೂರು ಬಾರಿ ‘ರೂಫ್ ವೆಂಟ್ ಫ್ಯಾನ್, ಒಂದು’ ಎಂಬ ನಮೂದು ಕಣ್ಣಿಗೆ ಬಿದ್ದಿತು. ಅವರದು ಪ್ರವಾಸಿಗರಿಗೆ ಕ್ಯಾರವಾನ್ ಬಾಡಿಗೆಗೆ ಕೊಡುವ ವ್ಯವಹಾರ. ಇದ್ದ ವಾಹನಗಳು ಎರಡೇ. ಎರಡು ಸ್ನಾನಗೃಹಗಳಿಗೆ ಮೂರು ಫ್ಯಾನ್ ಏಕೆಂದು ವಿಚಾರಿಸಿದೆ.

“ಏನು ಮಾಡೋದು ಸಾರ್, ರಾತ್ರಿ ಕರಕರ ಅನ್ನುತ್ತೆ ಅಂತ ಗಿರಾಕಿಗಳು ಆರಿಸಿಬಿಡ್ತಾರೆ. ವಾಪಸ್ ಬಂದಾಗ ದೂರು. ಹೊಸದು ಹಾಕಿಸಿಬಿಡ್ತೀನಿ” ಎಂದರು.

ತೆಗೆದ ಫ್ಯಾನುಗಳು ಗೋದಾಮಿನಲ್ಲೇ ಇದ್ದವು. ಅವರ ಚಾಲಕ ಹಳೆಯ ಕೈ. ಮೂರನ್ನೂ ಬ್ಯಾಟರಿಗೆ ಕೊಟ್ಟು ನೋಡಿದ. ಎರಡರ ಮೋಟಾರು ಸಲೀಸಾಗಿ ತಿರುಗಿತು. ಒಂದರದು ಮಾತ್ರ ಸವೆದಿತ್ತು. ಅಂದರೆ ಮೂರರಲ್ಲಿ ಎರಡು ಖರೀದಿಗಳು ಅನಗತ್ಯವಾಗಿದ್ದವು. ಇಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಅದೇ ವರ್ಷ ಬೇರೊಂದು ಪುಟದಲ್ಲಿ ದೊಡ್ಡ ಮೊತ್ತದ ಮರಗೆಲಸದ ಬಿಲ್ಲೂ ಇತ್ತು. ಅದನ್ನು ನಾನು ಪ್ರಶ್ನಿಸದೆ ಅಂಗೀಕರಿಸಿದ್ದೆ. ಫ್ಯಾನ್ ಆರಿಸಿಟ್ಟ ಪುಟ್ಟ ಸ್ನಾನಗೃಹದಲ್ಲಿ ಬಿಸಿನೀರಿನ ಹಬೆ ಹೊರಹೋಗಲು ದಾರಿಯಿಲ್ಲದೆ ಪ್ಲೈವುಡ್ ತಡಿಕೆಯ ಅಂಚು ಊದಿ, ಮೇಲಿನ ಹಾಳೆ ಎದ್ದಿತ್ತು. ಆ ಬಿಲ್ಲು ಇದರದೇ ಫಲವೆಂಬುದು ಆಗ ತಿಳಿಯಿತು. ಫ್ಯಾನಿನ ಬೆಲೆಗಿಂತ ಅದು ಹಲವು ಪಟ್ಟು ಹೆಚ್ಚು.

ಈ ಫ್ಯಾನಿನ ರಚನೆ ಸರಳ. ಛಾವಣಿಯಲ್ಲಿ ಸಾಮಾನ್ಯವಾಗಿ 14 ಅಂಗುಲದ ಚೌಕ ರಂಧ್ರ; ಮೇಲೆ ತೆರೆದು ಮುಚ್ಚುವ ಮುಚ್ಚಳ; ಒಳಗೆ 12 ವೋಲ್ಟಿನ ಚಿಕ್ಕ ಮೋಟಾರು, ಅದರ ದಂಡಕ್ಕೆ ಒತ್ತಿ ಕೂರಿಸಿದ ಪ್ಲಾಸ್ಟಿಕ್ ರೆಕ್ಕೆ; ಕೆಳಗೆ ಕೀಟಗಳನ್ನು ತಡೆಯುವ ಜಾಲರಿ ಮತ್ತು ಒಳಚೌಕಟ್ಟು. ಅಗ್ಗದ ಮಾದರಿಗಳಲ್ಲಿ ರೆಕ್ಕೆಯನ್ನು ದಂಡಕ್ಕೆ ಹಿಡಿದಿಡುವುದು ಬಿಗಿತವೊಂದೇ. ವಾಹನವೆಂದ ಮೇಲೆ ಕುಲುಕಾಟ ತಪ್ಪದು. ದಂಡ ಕೆಳಮುಖವಾಗಿರುವ ಫ್ಯಾನಿನಲ್ಲಿ ರೆಕ್ಕೆ ಸ್ವಲ್ಪಸ್ವಲ್ಪವಾಗಿ ಜಾರಿ, ಕೊನೆಗೆ ಜಾಲರಿಗೆ ತಾಗುತ್ತದೆ. ಗಿರಾಕಿಗೆ ಕೇಳಿಸುವ ಕರಕರ ಸದ್ದಿನ ಮೂಲ ಅನೇಕ ವೇಳೆ ಇದೇ.

ಕೈ ಹಾಕುವ ಮುನ್ನ ಸ್ವಿಚ್ ಆರಿಸಿದರೆ ಸಾಲದು, ಆ ಮಾರ್ಗದ ಫ್ಯೂಸನ್ನೇ ತೆಗೆಯತಕ್ಕದ್ದು. ಬಳಿಕ ಒಳಚೌಕಟ್ಟಿನ ಸ್ಕ್ರೂಗಳನ್ನು ಬಿಚ್ಚಿ ಜಾಲರಿಯನ್ನು ಇಳಿಸಿ, ರೆಕ್ಕೆಯನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಬೇಕು. ಜಾಲರಿ ಇಳಿಸಿದ ಕೂಡಲೇ ಉಜ್ಜಾಟ ನಿಂತಿತೆಂದರೆ ರೆಕ್ಕೆ ಜಾರಿದೆ, ಇಲ್ಲವೇ ಒಳಚೌಕಟ್ಟು ಜಾಲರಿಯನ್ನು ಮೇಲಕ್ಕೆ ಒತ್ತುತ್ತಿದೆ. ಪ್ರತಿ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ತಾಗಿದರೆ ರೆಕ್ಕೆ ಬಾಗಿದೆ ಅಥವಾ ಹೊರಚೌಕಟ್ಟು ಸೊಟ್ಟಗಾಗಿದೆ. ಎಲ್ಲಿಯೂ ತಾಗದೆ ಅದುರುತ್ತಿದ್ದರೆ ರೆಕ್ಕೆಗೆ ಅಂಟಿದ ಧೂಳನ್ನು ಸಂಶಯಿಸಬೇಕು. ಒಂದು ಬದಿಗೆ ಹೆಚ್ಚು ಧೂಳು ಕೂತರೆ ತೂಕದ ಸಮತೋಲ ತಪ್ಪುತ್ತದೆ. ದಂಡವನ್ನು ಅತ್ತಿತ್ತ ಅಲ್ಲಾಡಿಸಿದಾಗ ಸಡಿಲವಾಗಿ ಆಡಿದರೆ ಬುಷ್ ಸವೆದಿದೆ. ಅಂಥ ಮೋಟಾರಿಗೆ ಎಣ್ಣೆ ಹಾಕಿ ಪ್ರಯೋಜನವಿಲ್ಲ.

ಜಾರಿದ ರೆಕ್ಕೆಯನ್ನು ಮೇಲಕ್ಕೆ ಒತ್ತಿ, ಜಾಲರಿಗೂ ಮೋಟಾರಿನ ಪಟ್ಟಿಗೂ ತಾಗದ ಮಧ್ಯದ ಸ್ಥಾನದಲ್ಲಿ ನಿಲ್ಲಿಸಿ, ದಂಡದ ಮೇಲೆ ಆ ಸ್ಥಾನವನ್ನು ಗುರುತು ಮಾಡಿಡುವುದು ಒಳ್ಳೆಯದು. ಮುಂದಿನ ಪ್ರವಾಸದ ನಂತರ ಗುರುತು ಸರಿದಿದ್ದರೆ ರೆಕ್ಕೆಯ ನಡುಗುಂಭ ಸಡಿಲಾಗಿದೆ ಅಥವಾ ಸೀಳಿದೆ ಎಂದರ್ಥ. ಆಗ ಹೊಸ ರೆಕ್ಕೆ ಸಾಕು, ಫ್ಯಾನ್ ಬೇಕಿಲ್ಲ. ಅಂಟು ಹಾಕಿ ಕೂರಿಸುವವರಿದ್ದಾರೆ; ಅಂಟು ಬುಷ್‌ಗೆ ಇಳಿದರೆ ಮೋಟಾರೇ ಹೋಗುತ್ತದೆ, ಮುಂದೆ ರೆಕ್ಕೆ ಕಳಚಲೂ ಬಾರದು. ರೆಕ್ಕೆಯನ್ನು ತೊಳೆಯಲು ಸಾಬೂನು ನೀರು ಸಾಕು. ಥಿನ್ನರಿನಿಂದ ಪ್ಲಾಸ್ಟಿಕ್ ಹಾಳಾಗುತ್ತದೆ. ಒಣಗಿದ ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು, ಹೆಚ್ಚಲ್ಲ. ಅಡುಗೆ ಎಣ್ಣೆ ಕೆಲವೇ ದಿನಗಳಲ್ಲಿ ಜಿಗಟಾಗಿ ಧೂಳನ್ನು ಹಿಡಿಯುತ್ತದೆ.

ಹೊರಚೌಕಟ್ಟು ಸೊಟ್ಟಗಾಗಿದ್ದರೆ ಛಾವಣಿಯ ಸ್ಕ್ರೂಗಳನ್ನು ಒಂದು ಮೂಲೆಯಲ್ಲಿ ಅತಿಯಾಗಿ ಬಿಗಿದಿರುವ ಸಂಭವವುಂಟು. ಇದನ್ನು ಬಾಡಿ ಬಿಲ್ಡರಿಗೇ ಬಿಡುವುದು ಕ್ಷೇಮ. ಸ್ಕ್ರೂ ಅಲುಗಿದ ಮೇಲೆ ಸೀಲೆಂಟನ್ನು ಹೊಸದಾಗಿ ಹಚ್ಚದಿದ್ದರೆ ಮೊದಲ ಮಳೆಗೇ ನೀರು ಇಳಿಯುತ್ತದೆ.

ಇನ್ನೊಂದು ವಿಷಯ. ಯಾರಾದರೂ ಮೋಟಾರು ಬದಲಿಸಿದ ಮೇಲೆ ಸದ್ದು ಹೆಚ್ಚಾಗಿ ಗಾಳಿ ಎಳೆಯದಿದ್ದರೆ, ತಂತಿಗಳು ತಿರುಗುಮುರುಗಾಗಿರಬಹುದು. ಡಿ.ಸಿ. ಮೋಟಾರು ಆಗ ಉಲ್ಟಾ ತಿರುಗುತ್ತದೆ. ಮುಚ್ಚಳ ತೆರೆದು, ಬಾಗಿಲಿನ ಕೆಳಗೆ ಗಾಳಿ ಬರಲು ಸಂದು ಬಿಟ್ಟು, ಜಾಲರಿಯ ಹತ್ತಿರ ತೆಳು ಕಾಗದ ಹಿಡಿದರೆ ಗೊತ್ತಾಗುತ್ತದೆ: ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ಮೋಟಾರು ಕೊಳ್ಳುವಾಗ ವೋಲ್ಟೇಜ್, ದಂಡದ ವ್ಯಾಸ ಮತ್ತು ಉದ್ದ, ತಿರುಗುವ ದಿಕ್ಕು ಈ ನಾಲ್ಕನ್ನೂ ಬರೆದುಕೊಂಡು ಹೋಗಬೇಕು. ಹಳೆಯದನ್ನೇ ಕೈಯಲ್ಲಿ ಹಿಡಿದು ಹೋದರೆ ಇನ್ನೂ ಮೇಲು.

ಕ್ಯಾರವಾನ್ ಇಲ್ಲದ ಸದಸ್ಯರ ಅಂಗಡಿ, ಕಾರ್ಖಾನೆಗಳ ಎಕ್ಸಾಸ್ಟ್ ಫ್ಯಾನಿಗೂ ಧೂಳು, ಉಜ್ಜಾಟ, ಬುಷ್ ಇವುಗಳ ಪರೀಕ್ಷೆ ಹೀಗೆಯೇ. ಆದರೆ ಅಲ್ಲಿರುವುದು 230 ವೋಲ್ಟ್. ಮೇನ್ ಆರಿಸಿ, ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸತಕ್ಕದ್ದು. ಗುಂಯ್ ಎನ್ನುತ್ತ ತಿರುಗಲು ತಡಮಾಡಿದರೆ, ಕೆಪಾಸಿಟರ್ ಇರುವ ಮಾದರಿಯಾದಲ್ಲಿ ಅದನ್ನೂ ನೋಡಿಸಬೇಕು.

ಈಗ ಲೆಕ್ಕದ ಮಾತು. ರೆಕ್ಕೆ, ಮೋಟಾರು ಅಥವಾ ಹಾಳಾದ ಇಡೀ ಫ್ಯಾನನ್ನು ಅದೇ ಬಗೆಯದರಿಂದ ಬದಲಿಸಿದರೂ, ವಾಹನವೆಂಬ ಆಸ್ತಿಯ ಒಂದು ಭಾಗವನ್ನಷ್ಟೇ ಸರಿಪಡಿಸಿದಂತೆ. ಸಾಮಾನ್ಯವಾಗಿ ಅದು ಆದಾಯ ಖಾತೆಯ ವೆಚ್ಚ. ಮೊದಲು ಫ್ಯಾನೇ ಇಲ್ಲದ ವಾಹನಕ್ಕೆ ಛಾವಣಿ ಕೊರೆದು ಕೂರಿಸಿದರೆ ಅದು ಬಂಡವಾಳ ವೆಚ್ಚ. 1961ರ ಆದಾಯ ತೆರಿಗೆ ಕಾಯ್ದೆಯಡಿ ಬಂದ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ (2007) ಸುಪ್ರೀಂ ಕೋರ್ಟ್, ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಅಲ್ಲ ಎಂದು ಹೇಳಿದೆ. ಅಲ್ಲಿ ಪ್ರಶ್ನೆ ಎದ್ದದ್ದು ನೂಲಿನ ಗಿರಣಿಯ ರಿಂಗ್ ಫ್ರೇಮುಗಳ ಬಗ್ಗೆ. ಸ್ವತಂತ್ರ ಯಂತ್ರವನ್ನೇ ಬದಲಿಸಿದ್ದು ಚಾಲ್ತಿ ದುರಸ್ತಿಯಾಗಲಿಲ್ಲ.

ನನ್ನ ಕಕ್ಷಿದಾರರಿಗೆ ನಾನು ಸೂಚಿಸಿದ್ದು ಒಂದೇ ಬದಲಾವಣೆ: ಬಿಡಿಭಾಗದ ವೋಚರಿನ ಮೇಲೆ ವಾಹನದ ಸಂಖ್ಯೆ, ಕಂಡ ದೋಷ ಮತ್ತು ತೆಗೆದ ವಸ್ತು ಎಲ್ಲಿದೆ ಎಂಬುದನ್ನು ಬರೆಯುವುದು. ಗೋದಾಮಿನಲ್ಲಿದ್ದ ಆ ಎರಡು ಫ್ಯಾನುಗಳನ್ನು ವರ್ಷಾಂತ್ಯದ ದಾಸ್ತಾನು ಪಟ್ಟಿಗೆ ಸೇರಿಸಿದೆವು. ಒಂದನ್ನು ಮುಂದಿನ ಮಳೆಗಾಲದಲ್ಲಿ ಚಾಲಕನೇ ಕೂರಿಸಿದ.