ಮುಂಬಯಿ ರೈಲು ಹತ್ತುವ ಮೊದಲು

ಕಾರ್ಕಳ

ಪ್ರೀತಿಯ ಮಗಳೇ,

ನಿನ್ನಣ್ಣನ ಮೊದಲ ಸುತ್ತಿನ ಕಿಮೋ ಮಣಿಪಾಲದಲ್ಲಿ ಮುಗಿದು ಕಾಪುವಿನ ಮನೆಗೆ ಬಂದಿದ್ದಾನೆ. ಅಸ್ಥಿಮಜ್ಜೆ ಕಸಿ ಬೇಕಾದೀತೇ ಎಂದು ಮುಂಬಯಿಯ ಟಾಟಾ ಆಸ್ಪತ್ರೆಯಲ್ಲಿ ಕೇಳಿಕೊಂಡು ಬನ್ನಿ ಎಂದು ಡಾಕ್ಟರೇ ಹೇಳಿದ್ದಾರೆ. ವಿಮಾ ಕಂಪನಿಯ ಪರವಾಗಿ ಕ್ಲೇಮು ನೋಡಿಕೊಳ್ಳುವ ಟಿಪಿಎಗೆ ಫೋನ್ ಮಾಡಿದರೆ ‘ಹೊರರೋಗಿ ಸಮಾಲೋಚನೆಗೆ ಕವರೇಜ್ ಇಲ್ಲ’ ಎಂದರಂತೆ. ವಿಮಾ ಕಚೇರಿಯ ಕಡತಗಳ ನಡುವೆಯೇ ತಲೆ ನರೆತವನು ನಾನು. ಆ ಮಾತು ಅರ್ಧ ಮಾತ್ರ ಸರಿ.

ನಿಮ್ಮದು ಆರೋಗ್ಯ ಸಂಜೀವನಿ. ಯಾವ ಕಂಪನಿಯಿಂದ ಕೊಂಡರೂ ಷರತ್ತು ಒಂದೇ ಇರಲಿ ಎಂದು 2020ರ ಏಪ್ರಿಲಿನಲ್ಲಿ ಬಂದ ಪಾಲಿಸಿ. ಬರೀ ಡಾಕ್ಟರ ಫೀಸು ಅದರಲ್ಲಿ ಸಿಗದು, ನಿಜ. ಆದರೆ ಆಸ್ಪತ್ರೆಗೆ ಸೇರುವ ಮುಂಚಿನ 30 ದಿನ, ಬಿಡುಗಡೆಯ ನಂತರದ 60 ದಿನ, ಅದೇ ಕಾಯಿಲೆಗೆ ಆದ ಸಮಾಲೋಚನೆ, ತಪಾಸಣೆ, ಔಷಧಿಯ ಖರ್ಚು ಆಸ್ಪತ್ರೆಯ ಕ್ಲೇಮಿಗೆ ಸೇರುತ್ತದೆ. ಅಣ್ಣ ಬಿಡುಗಡೆಯಾದದ್ದು ಮೊನ್ನೆ ಮೊನ್ನೆ. ಹಾಗಾದರೆ ಮುಂಬಯಿಯ ಡಾಕ್ಟರನ್ನು ಈ 60 ದಿನದೊಳಗೆ ಕಂಡರೆ ಅದು ಮಣಿಪಾಲದ ಚಿಕಿತ್ಸೆಯದೇ ಬಾಲ. ಸಹಪಾವತಿಯ ಶೇ. 5 ನಿಮ್ಮ ಕೈಯಿಂದ ಹೋಗುತ್ತದೆ, ಅಷ್ಟೆ. ಚಿಕಿತ್ಸೆ ಮುಗಿದ 15 ದಿನದೊಳಗೆ ಬಿಲ್ಲು ಒಪ್ಪಿಸಬೇಕು; ಈ ಗಡುವು ಮರೆತೇ ಹೆಚ್ಚಿನವರು ಕೈಸುಟ್ಟುಕೊಳ್ಳುವುದು.

ಇದೆಲ್ಲ ನಿಲ್ಲುವುದು ರೆಫರಲ್ ಪತ್ರದ ಮೇಲೆ. ‘ರೋಗಿಯ ಕೋರಿಕೆಯಂತೆ’ ಎಂದು ಬರೆದುಕೊಟ್ಟರೆ ಕಂಪನಿಯವರಿಗೆ ಹಬ್ಬ. ರೋಗದ ಹೆಸರು, ಬಿಡುಗಡೆಯ ತಾರೀಕು, ಮುಂದಿನ ಚಿಕಿತ್ಸೆ ನಿರ್ಧರಿಸಲು ಕಸಿ ತಜ್ಞರ ಅಭಿಪ್ರಾಯ ಅಗತ್ಯ ಎಂಬ ವಾಕ್ಯ, ಇಷ್ಟು ಅದರಲ್ಲಿರಲಿ. ಡಾಕ್ಟರ ಬಳಿ ಕೇಳಲು ಸಂಕೋಚ ಬೇಡ ಮಾರಾಯ್ತಿ.

ನಿಮ್ಮ ಕೈಯಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡನ್ನು ನಂಬಿ ಮುಂಬಯಿಗೆ ಹೊರಡಬೇಡ. ಅದು ರಿಯಾಯಿತಿ ಕಾರ್ಡು, ವಿಮೆಯಲ್ಲ. ಉಡುಪಿಯ ಅರ್ಧ ಊರಿಗೆ ಈ ಗೊಂದಲವಿದೆ.

ಇನ್ನು, ಅಣ್ಣನೇ ಈಗ ಹೋಗಬೇಕೇ? ಅವನ ರೋಗನಿರೋಧಕ ಶಕ್ತಿ ತಳಮುಟ್ಟಿರುವ ಹೊತ್ತು. ಮಣಿಪಾಲದಿಂದ ಮಜ್ಜೆಯ ಸ್ಲೈಡು, ಬ್ಲಾಕು, ಫ್ಲೋ ಸೈಟೋಮೆಟ್ರಿ, ಕ್ರೋಮೊಸೋಮ್ ವರದಿ ಕೇಳಿ ಪಡೆ. ದೊಡ್ಡ ಆಸ್ಪತ್ರೆಯವರು ಅವನ್ನು ಮತ್ತೆ ಓದಿಯೇ ಮಾತಾಡುವುದು. ವರದಿಗಳನ್ನು ಕಳಿಸಿ ಟಾಟಾದ ತಜ್ಞರ ಅಭಿಪ್ರಾಯ ಪಡೆಯಲು ‘ನವ್ಯ’ ಎಂಬ ಆನ್‌ಲೈನ್ ವ್ಯವಸ್ಥೆಯೂ ಇದೆ. ಡಾಕ್ಟರ ಸಮಾಲೋಚನೆಗೆ ಪಾಲಿಸಿಯಲ್ಲಿ ಜಾಗವಿದ್ದರೆ ಟೆಲಿಮೆಡಿಸಿನ್‌ಗೂ ಜಾಗ ಕೊಡಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಜೂನಿನಲ್ಲೇ ಕಂಪನಿಗಳಿಗೆ ಹೇಳಿದೆ. ಆದರೆ ಒಂದು ಎಚ್ಚರ: ಅವನದು ತೀವ್ರ ಲ್ಯುಕೇಮಿಯಾ. ದೀರ್ಘಕಾಲೀನ ಬಗೆಯಾದರೆ ವಾರಗಟ್ಟಲೆ ಯೋಚಿಸಬಹುದಿತ್ತು. ಮುಂಬಯಿಯ ಅಪಾಯಿಂಟ್‌ಮೆಂಟ್ ತಡವಾಯಿತೆಂದು ಮುಂದಿನ ಕಿಮೋ ಮುಂದೂಡಬೇಡಿ.

ಹೋಗುವುದೇ ಆದರೆ ನೀನೂ ಹೋಗು. ಕಸಿಗೆ ಹೊಂದಬೇಕಾದ ಎಚ್‌ಎಲ್‌ಎ ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಿನ್ನ ರಕ್ತದ ಮಾತೂ ಬಂದೇ ಬರುತ್ತದೆ. ರೈಲಿನ ಖರ್ಚು ವಿಮೆಯಿಂದ ಬರದು, ಆದರೆ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರಿ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗಿರುವವರಿಗೆ ಶೇ. 75. ರಿಯಾಯಿತಿ ಫಾರಂಗೆ ಮಣಿಪಾಲದಲ್ಲೇ ಸಹಿ ಹಾಕಿಸು. ಟಾಟಾದ ಕಸಿ ಘಟಕ ಇರುವುದು ಪರೇಲಿನಲ್ಲಲ್ಲ, ಖಾರ್ಘರ್‌ನಲ್ಲಿ. ಮತ್ಸ್ಯಗಂಧ ರೈಲಿನಲ್ಲಿ ಹೋಗಿ ಪನ್ವೇಲಿನಲ್ಲಿ ಇಳಿದರೆ ಹತ್ತಿರ.

ನನ್ನ ಚಿಂತೆ ಫೀಸಿನದಲ್ಲ, ಕಸಿಯದು. ನಿಮ್ಮ ಪಾಲಿಸಿಯಲ್ಲಿ ಅಸ್ಥಿಮಜ್ಜೆ ಕಸಿಯೂ ಸೇರುವ ಕಾಂಡಕೋಶ ಚಿಕಿತ್ಸೆಗೆ ವಿಮಾ ಮೊತ್ತದ ಅರ್ಧ ಮಾತ್ರ: 5 ಲಕ್ಷ ಇದ್ದರೆ ಎರಡೂವರೆ. ಬಾಯಿಂದ ನುಂಗುವ ಕಿಮೋ ಮಾತ್ರೆಗೂ ಇದೇ ಮಿತಿ. ಖಾರ್ಘರ್‌ನಲ್ಲಿ ಖರ್ಚಿನ ಅಂದಾಜು ಬರೆಸಿಕೊಂಡೇ ಬಾ. ಮನೆಯಲ್ಲಿ ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಒಮ್ಮೆ ಹೋಗಿ ಬಾ. ನಿನ್ನಮ್ಮ ಬೀಡಿ ಕಟ್ಟಿದವಳಲ್ಲವೇ? ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಅವಲಂಬಿತರ ಕ್ಯಾನ್ಸರಿಗೂ ನೆರವು ಉಂಟು, ಗುರುತಿನ ಚೀಟಿ ಹುಡುಕಿಡು.

ಫೋನಿನಲ್ಲಿ ‘ಇಲ್ಲ’ ಎಂದವರಿಗೆ ಕ್ಲೇಮು ತಿರಸ್ಕರಿಸುವ ಅಧಿಕಾರವೇ ಇಲ್ಲ. 2024ರಿಂದ ಕಂಪನಿಯ ಪರಿಶೀಲನಾ ಸಮಿತಿ ಒಪ್ಪದೆ ಯಾವ ಕ್ಲೇಮನ್ನೂ ತಳ್ಳಿಹಾಕುವಂತಿಲ್ಲ. ಕಾರಣವನ್ನು, ಷರತ್ತಿನ ಸಂಖ್ಯೆ ಸಹಿತ, ಬರಹದಲ್ಲಿ ಕೇಳು. ಕಂಪನಿಗೆ ದೂರು ಕೊಟ್ಟು ತಿಂಗಳು ಕಾದರೂ ಆಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್. ಶುಲ್ಕವಿಲ್ಲ, ವಕೀಲರೂ ಬೇಡ. ವರ್ಷದೊಳಗೆ ಹೋಗಬೇಕು.

ಡಿಸ್ಚಾರ್ಜ್ ಸಾರಾಂಶ ಮತ್ತು ಪಾಲಿಸಿಯ ಫೋಟೋ ಇಂದೇ ಕಳಿಸು. ದೂರಿನ ಕರಡನ್ನು ನಾನು ಬರೆದಿಡುತ್ತೇನೆ, ಬೇಕಾಗದೆ ಹೋದರೆ ಒಳ್ಳೆಯದೇ.

ನಿನ್ನ ಮಾವ