ಐದು ಸರಳುಗಳು ಹಿಡಿದ ಚಕ್ರ

ಓಡುವ ಮೋಟಾರು ಕಾರಿಗೂ ರಸ್ತೆಗೂ ಇರುವ ಸಂಬಂಧವೆಲ್ಲ ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ನಾಲ್ಕು ಚಿಕ್ಕ ಜಾಗಗಳಲ್ಲಿ ಅಡಗಿದೆ. ಒಂದೊಂದು ಜಾಗವೂ ಹೆಚ್ಚು ಕಡಿಮೆ ಅಂಗೈಯಷ್ಟು. ಓಟ, ತಿರುವು, ನಿಲುಗಡೆ ಮೂರೂ ಈ ಹಿಡಿತವನ್ನೇ ಅವಲಂಬಿಸಿವೆ. ತಿರುವಿನಲ್ಲಿ ಹಿಡಿತ ತಪ್ಪಿತೆಂದರೆ ಒಳಗೆ ಕುಳಿತವರ ಪ್ರಾಣಕ್ಕೇ ಅಪಾಯ. ಈ ಹಿಡಿತವನ್ನು ಕಾಪಾಡಲು ಶಿಲ್ಪಿಗಳು ಪಟ್ಟ ಶ್ರಮಕ್ಕೆ ಮರ್ಸಿಡಿಸ್-ಬೆಂಝ್ 190 ಎಂಬ ಕಾರು ಒಳ್ಳೆಯ ನಿದರ್ಶನ.

ಸ್ಟುಟ್‌ಗಾರ್ಟಿನ ಡೈಮ್ಲರ್-ಬೆಂಝ್ ಸಂಸ್ಥೆ ದೊಡ್ಡ ಕಾರುಗಳಿಗೆ ಹೆಸರಾಗಿತ್ತು. 1973ರಲ್ಲಿ ತೈಲದ ಅಭಾವ ತಲೆದೋರಿತು. 1975ರಲ್ಲಿ ಅಮೆರಿಕವು, ಒಬ್ಬ ತಯಾರಕನು ಮಾರುವ ಕಾರುಗಳ ಸರಾಸರಿ ಇಂಧನ ವೆಚ್ಚ ಇಷ್ಟನ್ನು ಮೀರಕೂಡದೆಂದು ಶಾಸನ ಮಾಡಿತು. ಚಿಕ್ಕ ಕಾರು ಅನಿವಾರ್ಯವಾಯಿತು. ಅನೇಕ ವರ್ಷಗಳ ಸಿದ್ಧತೆಯ ಬಳಿಕ 1982ರ ಡಿಸೆಂಬರಿನಲ್ಲಿ 190 ಹೊರಬಂದಿತು. ಅದರ ಉದ್ದ 4.42 ಮೀಟರು, ತೂಕ ಸುಮಾರು 1,100 ಕಿಲೋಗ್ರಾಂ. ಬ್ರೂನೋ ಸಾಕ್ಕೋ ಅವರ ನೇತೃತ್ವದಲ್ಲಿ ರೂಪುಗೊಂಡ ಅದರ ಒಡಲಿನ ವಾಯುರೋಧದ ಗುಣಾಂಕ 0.33, ಆ ಕಾಲಕ್ಕೆ ಇದು ಬಹಳ ಕಡಿಮೆ.

ಆದರೆ ತೂಕ ಇಳಿದಂತೆ ಒಂದು ತೊಡಕೂ ಹುಟ್ಟುತ್ತದೆ. ಐವರು ಪ್ರಯಾಣಿಕರೂ ಅವರ ಸಾಮಾನೂ ಸೇರಿ 450 ಕಿಲೋಗ್ರಾಂ ಆದರೆ, ಹಗುರವಾದ ಕಾರಿಗೆ ಅದು ತನ್ನ ತೂಕದ ಐದರಲ್ಲಿ ಎರಡು ಪಾಲು. ಬರಿದಾದಾಗಲೂ ತುಂಬಿದಾಗಲೂ ಚಕ್ರ ಒಂದೇ ರೀತಿ ನಡೆದುಕೊಳ್ಳಬೇಕು. ಹಳೆಯ ತೂಗು ಅಚ್ಚಿನ ಕಾರುಗಳಲ್ಲಿ ಹಿಂದಿನ ಚಕ್ರ ಮೇಲೆ ಕೆಳಗೆ ಹೋದಾಗಲೆಲ್ಲ ವಾಲುತ್ತಿತ್ತು. ಆನಂತರ ಬಂದ ಓರೆ ತೋಳಿನ ಜೋಡಣೆಯಲ್ಲೂ, ಚಾಲಕನು ತಿರುವಿನಲ್ಲಿ ಥಟ್ಟನೆ ವೇಗ ತಗ್ಗಿಸಿದರೆ ಚಕ್ರವು ತುಸು ಹೊರಕ್ಕೆ ತಿರುಗಿ, ಕಾರಿನ ಹಿಂಭಾಗ ಜಾರುವ ಸಂಭವವಿತ್ತು.

ಇದಕ್ಕೆ ಪರಿಹಾರ ದೊರೆತದ್ದು ಚಲನಶಾಸ್ತ್ರದ ಒಂದು ಸರಳ ತತ್ತ್ವದಿಂದ. ಯಾವ ಕಟ್ಟಿಲ್ಲದ ಘನವಸ್ತುವಿಗೂ ಆರು ಬಗೆಯ ಚಲನಸ್ವಾತಂತ್ರ್ಯಗಳುಂಟು: ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಯುವುದು ಮೂರು, ಈ ಮೂರು ದಿಕ್ಕುಗಳನ್ನು ಅಕ್ಷವಾಗಿಟ್ಟುಕೊಂಡು ತಿರುಗುವುದು ಮತ್ತೆ ಮೂರು. ಕಳಚಿಟ್ಟ ಬಾಗಿಲನ್ನು ಹೇಗೆ ಬೇಕಾದರೂ ಆಡಿಸಬಹುದು. ಕೀಲಿಗೆ ಸೇರಿಸಿದರೆ ಐದು ಸ್ವಾತಂತ್ರ್ಯಗಳು ಹೋಗಿ, ತೆರೆದು ಮುಚ್ಚುವ ಒಂದೇ ಉಳಿಯುತ್ತದೆ. ಚಕ್ರವನ್ನು ಹೊತ್ತ ಆಸರೆಗೂ ಬೇಕಾದದ್ದು ಏರಿಳಿಯುವ ಒಂದೇ ಸ್ವಾತಂತ್ರ್ಯ. ಎರಡು ತುದಿಗಳಲ್ಲೂ ಕೀಲಿರುವ ಒಂದು ಸರಳು ಎರಡು ಬಿಂದುಗಳ ಅಂತರವನ್ನು ಬಿಗಿಹಿಡಿದು ಒಂದು ಸ್ವಾತಂತ್ರ್ಯವನ್ನು ಕಳೆಯುತ್ತದೆ. ಆದುದರಿಂದ ಐದನ್ನು ಕಳೆಯಲು ಐದು ಸರಳುಗಳು ಸಾಕು. 190ರ ಹಿಂದಿನ ಪ್ರತಿಯೊಂದು ಚಕ್ರವನ್ನೂ ಹಿಡಿದಿರುವುದು ಇಂತಹ ಐದು ಸರಳುಗಳೇ. ಉಳಿದ ಏರಿಳಿತವನ್ನು ಸ್ಪ್ರಿಂಗೂ ಆಘಾತಶಾಮಕವೂ ನೋಡಿಕೊಳ್ಳುತ್ತವೆ.

ಕೀಲುಗಳಲ್ಲಿ ರಬ್ಬರು ಇರುವುದರಿಂದ ಒತ್ತಡ ಬಿದ್ದಾಗ ಅವು ಕಿಂಚಿತ್ ಬಳುಕುತ್ತವೆ. ಸರಳುಗಳ ಉದ್ದ, ಕೋನ, ರಬ್ಬರಿನ ಗಡಸುತನಗಳನ್ನು ಲೆಕ್ಕಹಾಕಿ ಹೊಂದಿಸಿದ್ದರಿಂದ, ಬ್ರೇಕು ಹಾಕಿದಾಗ ಚಕ್ರವು ಹೊರಕ್ಕೆ ತಿರುಗದೆ ನೇರವಾಗಿಯೇ ನಿಲ್ಲುವಂತಾಯಿತು. ದೋಷವೆನಿಸಬಹುದಾಗಿದ್ದ ಬಳುಕೇ ರಕ್ಷಣೆಯಾಯಿತು.

1983ರ ಆಗಸ್ಟಿನಲ್ಲಿ ಇಟಲಿಯ ನಾರ್ದೋ ಎಂಬಲ್ಲಿಯ ವರ್ತುಲ ಪಥದಲ್ಲಿ, ಹದಿನಾರು ಕವಾಟಗಳ ಎಂಜಿನ್ನುಳ್ಳ 190 ಕಾರು 50,000 ಕಿಲೋಮೀಟರುಗಳನ್ನು 201 ಗಂಟೆ 39 ನಿಮಿಷ 43 ಸೆಕೆಂಡುಗಳಲ್ಲಿ ಕ್ರಮಿಸಿತು. ಭೂಮಿಯ ಸುತ್ತಳತೆಯ ಒಂದೂಕಾಲು ಪಾಲಿನಷ್ಟು ದೂರವಿದು. ಸರಾಸರಿ ವೇಗ ಗಂಟೆಗೆ ಸುಮಾರು 248 ಕಿಲೋಮೀಟರು ಎಂಬುದನ್ನು ವಿದ್ಯಾರ್ಥಿಗಳು ಭಾಗಾಕಾರದಿಂದ ತಾವೇ ಪರೀಕ್ಷಿಸಬಹುದು.

1993ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು 18 ಲಕ್ಷ 80 ಸಾವಿರ ಕಾರುಗಳು ಹೊರಬಂದಿದ್ದವು. ಅದೇ ವರ್ಷ ಸಿ-ದರ್ಜೆಯ ಕಾರು ಅದರ ಸ್ಥಾನಕ್ಕೆ ಬಂದಿತು. ಐದು ಸರಳುಗಳ ಜೋಡಣೆ ಮಾತ್ರ ಅಷ್ಟರಲ್ಲಾಗಲೇ ಸಂಸ್ಥೆಯ ದೊಡ್ಡ ಕಾರುಗಳಿಗೂ ಏರಿತ್ತು. ದೊಡ್ಡದರಿಂದ ಚಿಕ್ಕದು ಕಲಿಯುವುದು ವಾಡಿಕೆ. ಇಲ್ಲಿ ಚಿಕ್ಕದರಿಂದ ದೊಡ್ಡದು ಕಲಿಯಿತು.

ಓದುಗರಿಗೊಂದು ಪ್ರಶ್ನೆ: ಮೇಜಿನ ಡ್ರಾಯರಿಗೆ ಉಳಿದಿರುವ ಸ್ವಾತಂತ್ರ್ಯಗಳೆಷ್ಟು? ಬಾವಿಯ ರಾಟೆಗೆಷ್ಟು? ಎಣಿಸಿ ನೋಡಿದರೆ ಯಂತ್ರಗಳ ಅರ್ಧ ಗುಟ್ಟು ತಿಳಿದಂತೆಯೇ ಸರಿ.